ತುತ್ತಿನ ಗಾತ್ರ

ಹಲಸೂರು
೧೧ ಮೇ ೨೦೨೪, ಶನಿವಾರ

ಪ್ರೀತಿಯ ಅಕ್ಕಾ,

ಮುದ್ದೆ ಇಳಿಯುವ ತನಕ ಅಪ್ಪನಿಗೆ ಏನೂ ಆಗಿಲ್ಲ ಅಂತ ತಿಳ್ಕೊಳ್ಳಿ ಎಂದದ್ದು ನೀನೋ ನನ್ನ ಹೆಂಡತಿ ಧನಲಕ್ಷ್ಮಿಯೋ, ಈಗ ಸರಿಯಾಗಿ ನೆನಪಿಲ್ಲ. ಅಂದವರು ಯಾರಾದರೂ, ಈ ಮನೆ ಒಂದೂವರೆ ವರ್ಷ ಆ ಮಾತಿನ ಮೇಲೆ ನಡೆಯಿತು. ಇರಲಿ. ನಿನ್ನ ಮಂಡಿನೋವು ಹೇಗಿದೆ? ನಾಸಿಕ್‌ನಲ್ಲೂ ಬಿಸಿಲು ಜೋರಂತೆ. ಭಾವ ಶುಗರ್ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ಆದರೆ ಈ ಎರಡು ಕೋಣೆಯಲ್ಲಿ ಏನು ಮಾತಾಡಿದರೂ ಅಪ್ಪನ ಕಿವಿಗೆ ಬೀಳುತ್ತದೆ.

ಅಪ್ಪನ ಅನ್ನನಾಳದ ಕ್ಯಾನ್ಸರ್ ಮತ್ತೆ ಬಂದಿದೆ. ಒಂದೂವರೆ ವರ್ಷದ ಹಿಂದೆ ಮೂವತ್ತು ದಿನ ರೇಡಿಯೇಷನ್ ಕರೆಂಟ್ ಕೊಡಿಸಿ ಕರಗಿಸಿದೆವಲ್ಲ, ಅದೇ ಜಾಗದಲ್ಲಿ. ಇನ್ನೊಮ್ಮೆ ಕರೆಂಟ್ ಕೊಡುವಂತಿಲ್ಲ, ಆಪರೇಷನ್ ಒಂದೇ ಉಳಿದಿರುವುದು. ಅನ್ನನಾಳವನ್ನು ತೆಗೆದುಹಾಕಿ, ಜಠರವನ್ನೇ ಕೊಳವೆಯ ಹಾಗೆ ಮಾಡಿ, ಎದೆಯೊಳಗಿಂದ ಮೇಲಕ್ಕೆಳೆದು ಕತ್ತಿನಲ್ಲಿ ಹೊಲಿಯುತ್ತಾರೆ. ಕೆ.ಆರ್. ಪುರದ ಆಚೆ ಇರುವ ಆಸ್ಪತ್ರೆಯ ಸರ್ಜನ್, ನನಗಿಂತ ಚಿಕ್ಕವರು, ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪೈಪುಗಳ ಜೋಡಣೆ ಪರೀಕ್ಷಿಸಿದ ಕಣ್ಣು ಅದು. “ಈ ಜಾಯಿಂಟ್ ಲೀಕ್ ಆಗಲ್ವಾ ಡಾಕ್ಟ್ರೇ?” ಎಂದರು. ಕರೆಂಟ್ ಕೊಟ್ಟ ಮಾಂಸ ಬೇಗ ಕೂಡುವುದಿಲ್ಲ, ನಾಲ್ವರಲ್ಲಿ ಒಬ್ಬರಿಗೆ ಸೋರಬಹುದು ಎಂದು ಉತ್ತರ ಬಂತು. “ನಮ್ಮ ಸೆಕ್ಷನ್ನಲ್ಲಾಗಿದ್ರೆ ಪಾಸ್ ಮಾಡ್ತಿರ್ಲಿಲ್ಲ ಬಿಡಿ.” ಸರ್ಜನ್ ನಕ್ಕರು. ನಾನೂ ನಕ್ಕೆ. ಆ ನಗು ಬೇರೆ ಯಾರದೋ ಎಂಬ ಹಾಗೆ ನನಗೆ ಕೇಳಿಸಿತು.

ಸೋರುವುದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಗಡ್ಡೆ ಶ್ವಾಸನಾಳಕ್ಕೆ ಅಂಟಿದೆಯೋ ಇಲ್ಲವೋ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿಲ್ಲ. ಅಂಟಿದ್ದರೆ ತೆಗೆಯಲಾಗುವುದಿಲ್ಲ, ಬಿಚ್ಚಿದ ಎದೆಯನ್ನು ಹಾಗೆಯೇ ಹೊಲಿದು ಕಳಿಸುತ್ತಾರೆ. “ನುಂಗೋಕೆ ಕಷ್ಟ ಶುರುವಾಗಿ ಎಷ್ಟು ದಿನ ಆಯ್ತು?” ಎಂದು ಕೇಳಿದರು. ಮೂರು ವಾರ ಎಂದೆ. ಅಪ್ಪ ಗೋಡೆ ನೋಡುತ್ತಿದ್ದರು. ಅಷ್ಟೇ ಆದರೆ ಅಂಟಿರಲಿಕ್ಕಿಲ್ಲ, ಪ್ರಯತ್ನಿಸಬಹುದು ಎಂದು ಸರ್ಜನ್ ಬರೆದುಕೊಂಡರು. ಇಪ್ಪತ್ತೆಂಟಕ್ಕೆ ಅಡ್ಮಿಟ್ ಆಗಬೇಕು.

ಫೆಬ್ರವರಿಯಲ್ಲಿ ಗಂಟಲಿಗೆ ಪೈಪ್ ಇಳಿಸಿ ನೋಡುವ ಪರೀಕ್ಷೆಗೆ ನಾವು ಹೋಗಲಿಲ್ಲ. “ಮುದ್ದೆ ಇಳೀತಿದೆಯಲ್ಲೋ, ಮತ್ತ್ಯಾಕೆ ಆ ಪೈಪು?” ಎಂದರು ಅಪ್ಪ. ನಮಗೂ ಹೌದೆನ್ನಿಸಿತು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವವನ ಗಂಟಲಿಗೆ ಇನ್ನೆಂಥ ಪರೀಕ್ಷೆ ಬೇಕು? ತಟ್ಟೆ ಖಾಲಿಯಾಗುವುದನ್ನಷ್ಟೇ ನೋಡಿಕೊಂಡಿದ್ದೆವು. ನಿಂಬೆಹಣ್ಣಿನಷ್ಟಿದ್ದ ತುತ್ತು ನೆಲ್ಲಿಕಾಯಿಯಷ್ಟಾಗಿ, ಕಡೆಗೆ ಕಡಲೆಕಾಳಿನಷ್ಟಾಯಿತು. ಪ್ರತಿ ತುತ್ತಿನ ಹಿಂದೆ ಸಾರು. “ಸಾರು ಚೆನ್ನಾಗಿದೆಯಮ್ಮ, ಇನ್ನೊಂದು ಸೌಟು ಹಾಕು” ಎನ್ನುತ್ತಿದ್ದರು. ಮದುವೆಯಾಗಿ ಬಂದು ಇಪ್ಪತ್ತು ವರ್ಷಕ್ಕೆ ಮಾವ ತನ್ನ ಅಡುಗೆ ಹೊಗಳಿದರೆಂದು ಧನಲಕ್ಷ್ಮಿ ಸಂತೋಷಪಟ್ಟಳು. ಈಗ ಅವಳು ಸಾರು ಮಾಡುವುದನ್ನೇ ಬಿಟ್ಟಿದ್ದಾಳೆ. ಅಪ್ಪನಿಗೆ ಹೇಗೂ ಗಂಜಿನೀರು ಮಾತ್ರ.

ಅವತ್ತು ಆಸ್ಪತ್ರೆಯಿಂದ ವಾಪಸು ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಆಟೋ ಅರ್ಧ ಗಂಟೆ ಕದಲಲಿಲ್ಲ. “ನೀನು ಹೂಂ ಅಂದ್ರೆ ಮಾಡಿಸ್ಕೋತೀನಿ ಕಣೋ. ನನ್ನ ಕೇಳ್ಬೇಡ” ಎಂದರು ಅಪ್ಪ. ಹೂಂ ಎಂದೆ. ಅವರು ಮತ್ತೆ ಆ ಮಾತೆತ್ತಿಲ್ಲ. ಬ್ಯಾಗಿಗೆ ಎರಡು ಪಂಚೆ ಹಾಕಿಟ್ಟುಕೊಂಡಿದ್ದಾರೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನೀನು ಬಿಸಿಲಲ್ಲಿ ಓಡಾಡಬೇಡ.

ನಿನ್ನ ತಮ್ಮ,
ಮುನಿರಾಜು

ಮರೆತ ಮಾತು: ಮೂರು ವಾರ ಎಂದದ್ದು ಸುಳ್ಳು. ತುತ್ತು ಸಣ್ಣದಾಗುತ್ತಿದ್ದದ್ದನ್ನು ನಾನು ಜನವರಿಯಿಂದಲೇ ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಅಡ್ಮಿಷನ್‌ಗೆ ಮೊದಲು ನಿಜ ಹೇಳಿದರೆ ಸರ್ಜನ್ ಆಪರೇಷನ್ ಮಾಡಲಿಕ್ಕಿಲ್ಲ. ಹೇಳದಿದ್ದರೆ ಅಪ್ಪನ ಎದೆಯನ್ನು ನಾನೇ ಸುಮ್ಮನೆ ಬಿಚ್ಚಿಸಿದ ಹಾಗೆ. ನನ್ನೊಬ್ಬನಿಗೆ ಈ ಲೆಕ್ಕ ಹತ್ತುತ್ತಿಲ್ಲ. ಸಂಕ್ರಾಂತಿಗೆ ಬಂದಿದ್ದೆಯಲ್ಲ, ಹಬ್ಬದ ಮಾರನೆ ದಿನ ಅವರೆಕಾಳು ಸಾರು, ಮುದ್ದೆ. ಅಪ್ಪ ಊಟದ ಮಧ್ಯೆ ಎದ್ದು ಬಚ್ಚಲಿಗೆ ಹೋದರು. ನಾವು ತಲೆಯೆತ್ತುವಷ್ಟರಲ್ಲಿ ನೀನು ಅವರ ತಟ್ಟೆ ತೆಗೆದು ತೊಳೆದಿಟ್ಟಿದ್ದೆ. ಅದರಲ್ಲಿ ಎಷ್ಟು ಉಳಿದಿತ್ತು, ಅಕ್ಕಾ?