ಛಾವಣಿಯಲ್ಲಿ ಉಳಿದ ಅಂಗಿ

ಅಕ್ಕಾ,

ನಿನ್ನೆ ನಮ್ಮ ಅಳಿಯ ತಾನು ಕೆಲಸ ಮಾಡುವ ಗಣಿ ತೋರಿಸಿದ. ಇಲ್ಲಿ ಕಾರ್ಮಿಕರಿಗೆ ಬಿಸಿನೀರಿನ ದೊಡ್ಡ ಸ್ನಾನದ ಮನೆಯಿದೆ. ಮನೆಯಿಂದ ತೊಟ್ಟು ಬಂದ ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಸರಪಳಿ ಎಳೆದು ಛಾವಣಿಗೇರಿಸಿ ಗಣಿಗಿಳಿಯುತ್ತಾರೆ. ಗಣಿಗಳ ಬಗ್ಗೆ ಇಷ್ಟು ಓದಿದ್ದರೂ ಇದು ನನಗೆ ಗೊತ್ತಿರಲಿಲ್ಲ. ಪಾಳಿ ಮುಗಿದ ಮೇಲೂ ಒಂದು ಅಂಗಿ ಮೇಲೆಯೇ ತೂಗುತ್ತಿತ್ತು. ಕಾವಲುಗಾರ ಅದನ್ನೇ ನೋಡುತ್ತ ಕೂತಿದ್ದ.

"ಯಾಕಪ್ಪಾ, ಮನೆಗೆ ಹೋಗಲ್ವಾ?" ಎಂದೆ.

"ಅಂಗಿಯವನು ಇನ್ನೂ ಕೆಳಗಿದ್ದಾನಲ್ಲ ಸಾರ್, ನಾನೆಲ್ಲಿ ಹೋಗ್ಲಿ? ಹೆಂಡ್ತಿ ಬೈದ್ರೆ ಬೈಸ್ಕೊಳ್ಳೋದು."

ಸ್ವಲ್ಪ ಹೊತ್ತಿಗೆ ಅಂಗಿಯವನು ಮೇಲೆ ಬಂದು, ಸೀಟಿ ಹಾಕುತ್ತ ಸರಪಳಿ ಇಳಿಸಿದ. ಅವನ ಮೇಲಲ್ಲ, ಆ ಅಂಗಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಅಪ್ಪ ದುಡಿಯುತ್ತಿದ್ದ ನಮ್ಮೂರ ಗಣಿಯ ಕಾರ್ಮಿಕರು ಇಂಥದೇ ಸ್ನಾನದ ಮನೆಗಾಗಿ ಮುಷ್ಕರ ಹೂಡಿದಾಗ, "ನಿಮ್ಮನೇಲಿ ಬಚ್ಚಲಿಲ್ವೇನ್ರೋ?" ಎಂದು ನಕ್ಕ ಮ್ಯಾನೇಜರನ ಮುಖ ನಾನು ಮರೆತಿಲ್ಲ. ಅಪ್ಪ ಕೆಲಸದ ಮಸಿಬಟ್ಟೆ ತೊಟ್ಟೇ ಮನೆಯಿಂದ ಹೋಗುತ್ತಿದ್ದರು. ಅವರು ಮೇಲೆ ಬಾರದ ದಿನ, "ಆತ ಕೆಲಸಕ್ಕೇ ಬಂದಿರಲಿಲ್ಲ" ಎಂದು ವಾದಿಸಿದವನೂ ಅದೇ ಮ್ಯಾನೇಜರ್. ಬಂದಿದ್ದರು ಎನ್ನಲು ಅಲ್ಲಿ ಅಪ್ಪನದೊಂದು ಅಂಗಿಯೂ ತೂಗುತ್ತಿರಲಿಲ್ಲ.

ಮಂಡಿನೋವು ಕಡಿಮೆಯಾಗಿದೆ, ಮಾತ್ರೆ ಸಾಕಷ್ಟಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಟ್ರಂಕಿನಲ್ಲಿರುವ ಅಪ್ಪನ ನೀಲಿ ಅಂಗಿಯನ್ನು ಹಳೇ ಬಟ್ಟೆಯೆಂದು ಯಾರಿಗೂ ಕೊಡಬೇಡ. ನಾನು ಬಂದು ಅದನ್ನು ಎತ್ತರದಲ್ಲಿ ನೇತುಹಾಕಬೇಕು.

ನಿನ್ನ ತಮ್ಮ