ಒಂದೇ ಸಹಿ ಇರುವ ಫಾರಂ

ರೀ,

ಮಾಧವರಂನಿಂದ ಶಿಫ್ಟ್ ಮುಗಿಸಿ ಬಂದು ಈಗಷ್ಟೇ ಮಲಗಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಬ್ಯಾಂಕಿಗೆ ಹೊರಟೆ. ಹುಳಿ ಕುಕ್ಕರಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ನೀರಿನವನು ಬಂದರೆ ಖಾಲಿ ಕ್ಯಾನ್ ಬಾಗಿಲ ಹಿಂದಿದೆ.

ಆಸ್ಪತ್ರೆಯ ಫಾರಂ ಮಾತ್ರ ಇವತ್ತು ಕೊಡಬೇಡಿ. ನಿಮ್ಮ ಸಹಿ ನೋಡಿದೆ. ನನ್ನದು ಹಾಕಿಲ್ಲ.

ನೀವು ಹೆಣ್ಣು ನೋಡಲು ಬಂದ ದಿನ ನಾನು ತುಟಿ ಬಿಚ್ಚಲಿಲ್ಲ. "ಸುಮ್ಮನಿದಾಳೆ ಅಂದ್ರೆ ಒಪ್ಪಿಗೆ ಅಂತಲೇ" ಅಂದುಬಿಟ್ಟರು ಅತ್ತೆ. ಅವತ್ತು ಅದು ನಿಜವಾಗಿತ್ತು. ಆಮೇಲೆ ಈ ಮನೆಯಲ್ಲಿ ನನ್ನ ಮೌನಕ್ಕೆಲ್ಲ ಅದೇ ಅರ್ಥವಾಯಿತು. ನಿನ್ನೆ ಡಾಕ್ಟರಮ್ಮ, ಫ್ರೀಜರಿನಲ್ಲಿ ಉಳಿದಿರುವ ಒಂದೇ ಭ್ರೂಣವನ್ನು ಮುಂದಿನ ತಿಂಗಳೇ ಗರ್ಭದಲ್ಲಿ ಇಡೋಣ ಅಂದು, ತಮಿಳಿನಲ್ಲಿ "ಎನ್ನಮ್ಮಾ, ಸರಿಯಾ?" ಅಂತ ಕೇಳಿದಾಗಲೂ ನಾನು ಸುಮ್ಮನಿದ್ದೆ. "ಸರಿ" ಅಂದವರು ನೀವು. ಅದು ಒಪ್ಪಿಗೆಯಲ್ಲ ರೀ, ಹೆದರಿಕೆ.

ಎರಡು ಸಲ ಇಟ್ಟರು, ಎರಡೂ ನಿಲ್ಲಲಿಲ್ಲ. ಎರಡು ಸಲವೂ ಆಸ್ಪತ್ರೆಯಿಂದ ಬಂದ ಆ ಫೋನ್ ಎತ್ತಿದವಳು ನಾನು. ಈಗ ಹಾಲಿನವನು ಬೆಲ್ ಮಾಡಿದರೂ ಮೊದಲು ಫೋನ್ ನೋಡುತ್ತೇನೆ. ಇದೂ ಹೋದರೆ ಅಲ್ಲಿ ನಮ್ಮದು ಅಂತ ಏನೂ ಇರುವುದಿಲ್ಲ. ಅದು ಅಲ್ಲಿ ತಣ್ಣಗೆ ಇರುವವರೆಗಾದರೂ ನನಗೆ ನಿದ್ದೆ ಬರುತ್ತದೆ. ಕಾಯುವುದೋ, ಹೊಸದಾಗಿ ಶುರು ಮಾಡುವುದೋ, ದತ್ತು ತರುವುದೋ, ದಿನಚರಿಯಲ್ಲಿ ಬರೆದು ಬರೆದು ಹೊಡೆದುಹಾಕಿದ್ದೇನೆ.

ಸಂಜೆ ಕಾಫಿ ಕುಡಿಯುವಾಗ ನನಗೇನು ಬೇಕು ಅಂತ ಕೇಳಿ. ಸುಮ್ಮನೆ ಕೂತರೆ ನನ್ನ ಪರವಾಗಿ ನೀವು ಉತ್ತರ ಹೇಳಬೇಡಿ. ಕಾಫಿ ಆರಿಹೋದರೂ ಸರಿ, ನನಗೆ ಮಾತು ಬರುವವರೆಗೆ ಕಾಯಿರಿ.

ಹೇಮಾ