ಕಚ್ಚಿದ ಇಲಿಯ ವಿಚಾರ

ಹೊಸಬಾಳೆ, ಸೊರಬ ತಾಲ್ಲೂಕು

ಪ್ರಯೋಗಾಲಯದ ಹಿರಿಯ ಅಧಿಕಾರಿಗಳಿಗೆ ಗುಡ್ಡಮ್ಮನ ನಮಸ್ಕಾರ.

ನಿಮ್ಮಲ್ಲಿ ಇಲಿಗಳಿಗೆ ಹಕ್ಕಿಜ್ವರ ಅಂಟಿಸಿ ಪರೀಕ್ಷೆ ಮಾಡುವ ಮಾನಸ ನನ್ನ ಮೊಮ್ಮಗಳು. ಈಗ ಅವಳನ್ನೇ ಬೇರೆ ಕೋಣೆಯಲ್ಲಿ ಇರಿಸಿದ್ದೀರಿ. "ಗ್ಲೌಸ್ ಮೇಲೆ ಇಲಿ ಕಚ್ತು, ಅಷ್ಟೇ ಅಜ್ಜಿ. ನೀನು ಬರಬ್ಯಾಡ, ಒಳಗೆ ಬಿಡಲ್ಲ" ಎಂದು ಫೋನಿನಲ್ಲಿ ನಕ್ಕಳು. ನಗುವಾಗ ಕೆಮ್ಮಿದಳು.

ನಮ್ಮ ಕುರಿಹಟ್ಟಿಯಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಸೂಜಿ ಹಾಕಿಸುತ್ತೇವೆ, ನಾಯಿಯನ್ನೂ ಕಟ್ಟಿಹಾಕಿ ನೋಡುತ್ತೇವೆ. ಅದು ಉಳಿದರೆ ಮನುಷ್ಯನಿಗೂ ಭಯವಿಲ್ಲ. ಆ ಇಲಿ ಬದುಕಿದೆಯೇ? ಪರೀಕ್ಷೆ ಮುಗಿದ ಮೇಲೆ ಇಲಿಗಳನ್ನು ಕೊಲ್ಲುತ್ತೀರೆಂದು ಮಾನಸಳೇ ಹಿಂದೆ ಹೇಳಿದ್ದಳು.

ನಾನು ಯಾರಲ್ಲೂ ಏನನ್ನೂ ಬೇಡಿದವಳಲ್ಲ. ಇದೊಂದನ್ನು ಕೊಲ್ಲಬೇಡಿ. ಹೊಟ್ಟೆ ತುಂಬ ಕಾಳು ಹಾಕಿಸಿ.

ಮಾನಸಳ ಅಜ್ಜಿ,
ಗುಡ್ಡಮ್ಮ